ಜುಮ್ಮೆನ್ನುವ ಕೂಲಿ

ಮುಂಗೈ ಕೂದಲು ನಿಂತರೆ ನಿಮಿಷಕ್ಕೆ ಹತ್ತು ರೂಪಾಯಿ, ಬೆನ್ನು ಜುಮ್ಮೆಂದರೆ ಇಪ್ಪತ್ತು, ಕಣ್ಣೀರಿಗೆ ಬೇರೆಯೇ ರೇಟು. ಕೂಲಿಗೆ ಹಾಡು ಕೇಳುವವರ ಮೈ ಎಷ್ಟು ಜುಮ್ಮೆಂದಿತು ಎಂಬುದರ ಮೇಲೆಯೇ ಹಾಡುಗಳ ಚಾರ್ಟ್ ನಿರ್ಧಾರವಾಗುತ್ತಿತ್ತು. ಮೈಸೂರಿನ ಸರ್ವಮಂಗಳಮ್ಮ ಕೈಗೆ ಜುಮ್ಮೆನ್ನುವುದನ್ನು ಅಳೆಯುವ ಪಟ್ಟಿ ಕಟ್ಟಿಕೊಂಡು, ಹಾಡು ಕೇಳಿಯೇ ಮನೆ ನಡೆಸುತ್ತಿದ್ದಳು. ಅವಳ ಕೂದಲು ಸುಳ್ಳಿಗೆ ಏಳುವುದಿಲ್ಲ ಎಂಬ ಹೆಸರಿತ್ತು.

ಅಂದು ‘ಕೆಂಡ’ ಎಂದು ಹೆಸರಿಟ್ಟುಕೊಂಡಿದ್ದ ಗಾಯಕನ ರ‍್ಯಾಪ್ ರಾಕ್ ಹಾಡಿನ ಬಿಡುಗಡೆ, ಒಂದು ಏಸಿ ಹಾಲ್‌ನಲ್ಲಿ. ಊರನ್ನೇ ಸುಡುತ್ತೇನೆಂದು ಅವನು ಗಿಟಾರಿನ ಜೊತೆ ಅರಚಿದ. ಕೂಲಿಗೆ ಬಂದ ಒಬ್ಬರ ಕೈಯಲ್ಲೂ ಕೂದಲು ಅಲುಗಲಿಲ್ಲ.

“ಏನಾಂಟಿ, ಏನೂ ಆಗ್ತಿಲ್ವಾ?” ಎಂದು ಅವನು ಸರ್ವಮಂಗಳಮ್ಮನನ್ನು ಕೇಳಿದ.

“ಆಗ್ತಿದೆ ಕಣಪ್ಪ, ಹಸಿವು.”

ಅವನು ಸಿಡುಕಿ ಏಸಿಯನ್ನು ಹದಿನಾರಕ್ಕಿಳಿಸಿದ. ಚಳಿಗೆ ಎಲ್ಲರ ಮೈ ಮುಳ್ಳೆದ್ದಿತು; ಹಾಡು ಚಾರ್ಟ್‌ನಲ್ಲಿ ಸರಸರನೆ ಏರಿತು. ಸರ್ವಮಂಗಳಮ್ಮ ಪಟ್ಟಿ ಬಿಚ್ಚಿಟ್ಟು, ಚೀಲದಿಂದ ಸ್ವೆಟರ್ ತೆಗೆದು ತೊಟ್ಟಳು.

“ಪಟ್ಟಿ ಬಿಚ್ಚಿದ್ರೆ ಕೂಲಿ ಇಲ್ಲ, ಆಂಟಿ.”

“ಬೇಡ ಬಿಡು. ಚಳಿಗೆ ಎದ್ದಿದ್ದನ್ನ ಹಾಡಿಗೆ ಎದ್ದಿದ್ದು ಅಂತ ಮಾರೋಕೆ ನಂಗಾಗಲ್ಲ. ಮುಂದಿನ ಸಲ ಏಸಿನೇ ಹಾಡೋಕೆ ಬಿಡು, ನೀನು ಸುಮ್ನೆ ಕೂತ್ಕೋ.”

ಸಂಜೆಯೊಳಗೆ ಹಾಡಿಗೆ ಮೊದಲ ಸ್ಥಾನ ಸಿಕ್ಕಿತು. ಉಳಿದವರಿಗೆ ಕೂಲಿಯ ಜೊತೆ ನೆಗಡಿ ಸಿಕ್ಕಿತು. ಸರ್ವಮಂಗಳಮ್ಮನಿಗೆ ಎರಡೂ ಸಿಗಲಿಲ್ಲ.