ಕೀಳದೆ ಬಿಟ್ಟ ಹೂವು

ಈ ವರ್ಷ ಚಳಿ ಬೀಳದೇ ಹೋದರೆ?

ಅಪೂರ್ವ ಡೈರಿಯಲ್ಲಿ ಇಷ್ಟೇ ಬರೆದು ಪೆನ್ನು ಮುಚ್ಚಿದಳು. ನವೆಂಬರ್ ಅರ್ಧ ಕಳೆದರೂ ಕುಷಾಯಿಗೂಡದ ಕಾಲೊನಿಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಜೊತೆಗೆ ಓದಿದವರೆಲ್ಲ ಕಂಪ್ಯೂಟರ್ ಕೋರ್ಸು ಮುಗಿಸಿ ಹೈಟೆಕ್ ಸಿಟಿಯ ಬಸ್ಸು ಹಿಡಿಯುತ್ತಿದ್ದರು. ಬಾಟನಿ ಓದಿ ಮನೆಯಲ್ಲಿ ಕೂತ ಇವಳಿಗೆ ಮಾತ್ರ ಪಕ್ಕದ ಮನೆಯ ಒಂದು ಕುಂಡದ ಚಿಂತೆ.

ಕುಂಡದಲ್ಲಿದ್ದದ್ದು ಹೈಡ್ರೇಂಜಿಯಾ. ಅಪ್ಪ ಚನ್ನಬಸಪ್ಪ ಕಾರ್ಖಾನೆಯವರ ಜೊತೆ ಊಟಿಗೆ ಹೋದಾಗ ಎರಡು ಸಸಿ ತಂದಿದ್ದರು. ಒಂದು ತಮ್ಮ ಮಾಳಿಗೆಗೆ, ಒಂದು ಪಕ್ಕದ ಕಮಲಾಕ್ಷಿ ಕಾಕುವಿನ ಅಂಗಳಕ್ಕೆ. ಜೋಳದ ತೆನೆಯಂತೆ ನೀಳವಾದ ಬಿಳಿ ಗೊಂಚಲು. ಅರಳಿದ ಎರಡು ದಿನಕ್ಕೇ ಕಿತ್ತು ಲಿಂಗಪೂಜೆಗೆ ಏರಿಸುವುದು ಎರಡೂ ಮನೆಯ ರೂಢಿ. ಆಗ ಎರಡೂ ಮನೆಗೆ ಹೋಗಿಬರುವುದಿತ್ತು.

ಹೋದ ವರ್ಷ ಶ್ರಾವಣದಲ್ಲಿ ಎಲ್ಲ ಮುರಿದುಬಿತ್ತು. ಕಾಕುವಿನ ಮನೆಯ ಅರಿಷಿಣ ಕುಂಕುಮದ ದಿನ ಸೊಸೆ ದಾನೇಶ್ವರಿಯ ತವರಿನ ಬಂಗಾರದ ಬೋರಮಾಳ ಸರ ಕಾಣೆಯಾಯಿತು. ಒಳಕೋಣೆಗೆ ತಾಟು ತರಲು ಹೋಗಿದ್ದವಳು ಅಪೂರ್ವಳ ಅವ್ವ, ಸಾವಿತ್ರಿ. ಕಾಕು ಬಂದ ಹೆಂಗಸರ ಮುಂದೆಯೇ ಅವಳ ಸೆರಗು ಝಾಡಿಸಿ ನೋಡಿದಳು. ಏನೂ ಸಿಗಲಿಲ್ಲ. “ದೊಡ್ಡ ಮನಸ್ಸು ಮಾಡಿ ಪೊಲೀಸರಿಗೆ ಕೊಡಲಿಲ್ಲ ನೋಡ್ರಿ” ಎಂದು ಮಾತ್ರ ಕಾಲೊನಿಯೆಲ್ಲ ಹೇಳಿಕೊಂಡು ಬಂದಳು.

ಅಂದಿನಿಂದ ಅವ್ವನಿಗೆ ಯಾರ ಮನೆಯ ಕುಂಕುಮದ ಕರೆಯೂ ಇಲ್ಲ. ಹೂ ಕೀಳಲು ಮಾಳಿಗೆಯನ್ನೂ ಹತ್ತಲಿಲ್ಲ. ಆ ಚಳಿಗಾಲವೆಲ್ಲ ಗೊಂಚಲುಗಳು ಗಿಡದಲ್ಲೇ ಉಳಿದವು. ಅಪೂರ್ವ ಒಬ್ಬಳೇ ದಿನಾ ಹೋಗಿ ಅವುಗಳ ಮುಂದೆ ಕೂತು ಬರುತ್ತಿದ್ದಳು.

ಆದರೂ ಕಾಕುವಿನ ಅಂಗಳಕ್ಕೆ ಹೋಗುವುದನ್ನು ಅವಳು ಬಿಡಲಿಲ್ಲ.

“ನಾಚಿಕಿ ಇಲ್ಲೇನ ನಿನಗ? ನನ್ನ ಸೆರಗ ಝಾಡಿಸಿದಾಕಿ ಗಿಡಕ್ಕ ಗೊಬ್ಬರ ಹಾಕಾಕ ಹೊಂಟೀಯಲ್ಲ!” ಎಂದಳು ಅವ್ವ. ಅಪೂರ್ವ ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿದಳು.

ಕಾಕುವಿಗೆ ಅದೊಂದು ಖುಷಿ. “ಅವ್ವನಂಗಲ್ಲ ಬಿಡು ನೀ. ಭಾಳ ಛಲೋ ಹುಡುಗಿ.” ಆದರೆ ಮಾರ್ಚಿನಲ್ಲಿ, ಬೇರು ಬಿಗಿದಿವೆ, ದೊಡ್ಡ ಕುಂಡಕ್ಕೆ ಹಾಕೋಣ ಎಂದು ಅಪೂರ್ವ ಅಂದಾಗ ಹೌಹಾರಿದ್ದಳು. “ನೀರ ಹಾಕು, ಎಲಿ ಒರಸು. ಕುಂಡಕ್ಕ ಮಾತ್ರ ಕೈ ಹಚ್ಚಬ್ಯಾಡ!” ಆ ಮಾತನ್ನು ಅಪೂರ್ವ ಒಂದಕ್ಷರ ಬಿಡದೆ ಡೈರಿಯಲ್ಲಿ ಬರೆದಿಟ್ಟಿದ್ದಳು.

ಅಕ್ಟೋಬರಿನಲ್ಲಿ ಕಾಲೊನಿಯ ಹೂವಿನ ಸ್ಪರ್ಧೆಗೆ ಕಾಕುವಿನ ಫಾರ್ಮು ತುಂಬಿಕೊಟ್ಟವಳೂ ಅವಳೇ. “ಡಿಸೆಂಬರದಾಗ ಜಡ್ಜ್ ಮನೀಮನಿಗೆ ಬರ್ತಾರಂತ. ಅಲ್ಲೀ ತನಕ ಹೂ ಕೀಳಬ್ಯಾಡ್ರಿ ಕಾಕೂ.”

ಡೈರಿಯಲ್ಲಿ ಚಳಿಯ ಚಿಂತೆ ಬರೆದ ಮರುದಿನ ಅವಳು ಕೋಠಿ ಬಜಾರಿನಲ್ಲಿ ಕೊಂಡ ಹಳೆಯ ಪುಸ್ತಕವೊಂದನ್ನು ಹಿಡಿದು ಹೋದಳು. ರಾತ್ರಿ ಪಾಳಿಯ ಕಾಲ್ ಸೆಂಟರಿಗೆ ಹೊರಟಿದ್ದ ದಾನೇಶ್ವರಿ ಕ್ಯಾಬಿಗಾಗಿ ಕಾಯುತ್ತ ಕಾಕುವಿನ ಜೊತೆ ಚಹ ಕುಡಿಯುತ್ತಿದ್ದಳು. ಪುಟದ ಮೇಲೆ ಚೆಂಡಿನಂಥ ದುಂಡು ಹೂಗಳು, ಒಂದು ನೀಲಿ, ಒಂದು ಗುಲಾಬಿ.

“ಮಣ್ಣಿನಾಗ ಇದ್ದದ್ದರ ಮ್ಯಾಲ ಹೈಡ್ರೇಂಜಿಯಾ ಬಣ್ಣ ತಿರಗತೈತಂತ ವೈನಿ.” ಅಪೂರ್ವಳ ದನಿ ಎಂದಿನಂತೆ ತೀರ ಸಣ್ಣಗಿತ್ತು. “ಬಂಗಾರ ಇದ್ರಂತೂ ಕೆಂಪ ಆಗತೈತಂತ.”

ದಾನೇಶ್ವರಿ ನಕ್ಕಳು. ಕಾಕುವಿನ ಬಸಿಯ ಚಹ ತುಳುಕಿತು. “ಹುಚ್ಚಿ! ಬುಕ್ಕಿನಾಗ ಬರದದ್ದೆಲ್ಲಾ ಖರೇನ?”

“ನನಗೇನ್ ಗೊತ್ರಿ ಕಾಕೂ. ನೋಡೂಣು.”

ಡಿಸೆಂಬರ್ ಮೊದಲ ವಾರ ಕೊನೆಗೂ ಚಳಿ ಬಿತ್ತು. ಬಿಳಿ ಗೊಂಚಲಿನ ಬುಡದಲ್ಲಿ ಗುಲಾಬಿ ಮೂಡಿ, ದಿನಕ್ಕೊಂದಿಷ್ಟು ಮೇಲೇರಿತು. ಕೀಳೋಣವೆಂದರೆ ಸ್ಪರ್ಧೆಯ ನಂಬರ್ ಚೀಟಿ ಕುಂಡಕ್ಕೆ ಅಂಟಿಯಾಗಿತ್ತು. ಕಾಕುವಿಗೆ ಊಟ ಸೇರದಾಯಿತು. ಒಂದು ಸಂಜೆ ದಾನೇಶ್ವರಿ ಕ್ಯಾಬ್ ಹತ್ತುವ ಮುಂಚೆ ಬಗ್ಗಿ ನೋಡಿ, “ಅತ್ತ್ಯಾರ, ಪೂರಾ ಕೆಂಪಾಗಾಕತ್ತಾವಲ್ರೀ! ಜಡ್ಜ್ ಬಂದು ಹೋಗ್ಲಿ, ಕುಂಡ ಬೋರಲ ಹಾಕಿ ನೋಡೇಬಿಡೂಣು” ಎಂದು ಕಿಸಕ್ಕನೆ ನಕ್ಕಳು.

ಮರುದಿನ ಬೆಳಗಿನ ಆರು ಗಂಟೆ. ಶಾಲು ಹೊದ್ದ ಅಪೂರ್ವ ತಮ್ಮ ಮಾಳಿಗೆಯ ಮೇಲಿದ್ದಳು. ಕೆಳಗೆ ಕಾಕು ಖುರ್ಪಿ ಹಿಡಿದು ಕುಂಡ ಕೆದಕುತ್ತಿದ್ದಳು. ಸೊಸೆಯ ಕ್ಯಾಬ್ ಬರಲು ಅರ್ಧ ತಾಸಿತ್ತು. ಬರಿ ಮಣ್ಣಾಗಿದ್ದರೆ ಅಷ್ಟು ಹೊತ್ತು ಸಾಕಿತ್ತು. ಆದರೆ ಬದಲಿಸದ ಕುಂಡದಲ್ಲಿ ಬೇರುಗಳು ಸ್ಟೀಲಿನ ಡಬ್ಬಿಯೊಂದನ್ನು ಮುಷ್ಟಿಯಂತೆ ಹಿಡಿದಿದ್ದವು. ಎಳೆದಷ್ಟೂ ಬಾರದು.

ಡಬ್ಬಿ ಕಿತ್ತು ಬಂದಾಗ ಮುಚ್ಚಳ ಹಾರಿತು. ಬೋರಮಾಳ ಸರ ಹೊರಬಿತ್ತು. ಗೇಟಿನಲ್ಲಿ ದಾನೇಶ್ವರಿ ನಿಂತಿದ್ದಳು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ.

“ಅತ್ತ್ಯಾರ, ಇದು ನಮ್ಮವ್ವ ಹಾಕಿದ್ದು!”

ಆ ಚೀರಿಗೆ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದವು. “ನನ್ನ ಮಗಳು ಶಿವದೇವಿ ಲಗ್ನಕ್ಕಂತ ಇಟ್ಟಿದ್ನಿ…” ಎಂದು ಕಾಕು ತೊದಲಿದಳು. ಸೆರಗು ಝಾಡಿಸಿದ್ದನ್ನು ನೋಡಿದ ಹೆಂಗಸರೇ ಇದನ್ನೂ ನಿಂತು ನೋಡಿದರು. ಅವರ ಹಿಂದೆ, ವರ್ಷದ ಮೇಲೆ ಮೊದಲ ಸಲ ಹೊಸ್ತಿಲು ದಾಟಿ ಬಂದ ಸಾವಿತ್ರಿ. ಸೆರಗನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡಳು.

ಕಾಕು ಮಣ್ಣು ಮೆತ್ತಿದ ಕೈಯಿಂದ ಗಿಡಕ್ಕೆ ಹೊಡೆದಳು. “ಹಾಳ ಗಿಡ! ಕೂಸಿನಂಗ ಸಾಕಿದ್ನೆಲ್ಲೋ ನಿನ್ನ! ನನ್ನ ಮಾನಾ ಕಳದ್ಯಲ್ಲೋ!”

ಅಪೂರ್ವ ಮಾಳಿಗೆಯ ಕಟ್ಟೆ ಹಿಡಿದು ಬಗ್ಗಿದಳು. ಅವಳ ದನಿ ಇಷ್ಟು ಎತ್ತರವಿದೆಯೆಂದು ಆ ಓಣಿಗೆ ಅಂದೇ ಗೊತ್ತಾದದ್ದು.

“ಗಿಡಕ್ಕ ಬೈಬ್ಯಾಡ್ರಿ ಕಾಕೂ! ಬುಕ್ಕಿನ್ಯಾಗಿಂದು ದುಂಡ ಹೂವಿನ ಮಾತು, ಬಂಗಾರದ್ದು ನನ್ನ ಮಾತು. ಈ ತೆನಿ ಜಾತಿ ಕೀಳದ ಬಿಟ್ರ ಚಳಿಗೆ ತಾನ ಕೆಂಪಾಗತೈತಿ. ನಮ್ಮ ಮಾಳಿಗಿ ಮ್ಯಾಲಿಂದೂ ಆಗೈತಿ ನೋಡ್ರಿ, ಅದರ ಬುಡದಾಗ ಬರೇ ಮಣ್ಣೈತಿ.”