ಹೆಸರು ಹಿಡಿದು ಕರೆದ ದನಿ

ಕೋದಂಡರಾಮಪ್ಪನ ಕೈಯಲ್ಲಿ ಕೋದಂಡವಿರಲಿಲ್ಲ, ಬೆಂಗಳೂರಿನಲ್ಲಿ ಅಚ್ಚಾದ ಒಂದು ಕಟ್ಟು ಫಾರಂ ಇತ್ತು. ಮನೆಯಿಲ್ಲದವರನ್ನು ಹುಡುಕಿ, ಮನೆ ತಪ್ಪಿದ್ದೇಕೆ, ತಪ್ಪಿದ ಮೇಲೆ ಏನಾಯಿತು ಎಂದು ಕೇಳಿ ಬರೆಯಬೇಕು. ಬಿ.ಎ. ಮುಗಿಸಿ ಕೂತಿದ್ದವನಿಗೆ ನಲವತ್ತಮೂರನೆಯ ಇಸವಿಯಲ್ಲಿ ಸಿಕ್ಕ ಕೆಲಸ ಅದು. ಶ್ರೀನಿವಾಸಪುರದ ಮಾವಿನ ಮಂಡಿಯ ತಗಡಿನ ಕೆಳಗೆ ಹುಲ್ಲು ಹಾಸಿಕೊಂಡು ಕೂತಿದ್ದ ಪೆದ್ದಪ್ಪನನ್ನು ಅವನು ಮೊದಲು ಕೇಳಿದ್ದೇ, ನಿನಗೆ ಮನೆ ಯಾಕಿಲ್ಲ ಎಂದು.

"ಮನೆ ಐತೆ ಸಾಮಿ," ಎಂದ ಪೆದ್ದಪ್ಪ. "ನಾನಿಲ್ಲ."

ವಿಷಯ ನಿಧಾನಕ್ಕೆ ಹೊರಬಂತು. ಪೆದ್ದಪ್ಪ ಕೂಲಿಗೆಂದು ರಂಗೂನಿಗೆ ಹೋಗಿದ್ದ. ಅಲ್ಲಿ ಬಾಂಬು ಬಿದ್ದ ಮೇಲೆ ಹಡಗಿನಲ್ಲಿ ತಪ್ಪಿಸಿಕೊಂಡು ಬಂದವನೊಬ್ಬ ಇವನು ಸತ್ತನೆಂದು ಊರಿಗೆ ಹೇಳಿದ. ಹೆಂಡತಿಯ ಬಳೆ ಒಡೆದರು, ತಿಥಿಯೂ ಆಯಿತು. ಕಾಡು ಬೆಟ್ಟ ನಡೆದುಕೊಂಡು ಇವನು ಬಂದು ನಿಂತದ್ದು ಅದಾದ ಐದು ತಿಂಗಳಿಗೆ. ತಿಥಿ ಆದವನು ಹೊಸ್ತಿಲು ದಾಟಿದರೆ ಆ ಮನೆಯ ಬಾಗಿಲಿಗೆ ಮುಳ್ಳು ಬಡಿದು ಆರು ತಿಂಗಳು ಖಾಲಿ ಬಿಡಬೇಕೆಂದು ಹಿರಿಯರು ಹೇಳಿದರು. ಹಾಗೆ ಬಿಟ್ಟರೆ ಹೆಂಡತಿ ಗಂಗರತ್ನಮ್ಮ ಬೀದಿಗೆ ಬೀಳುತ್ತಾಳೆ. ಆದ್ದರಿಂದ ಇವನೇ ಬಿದ್ದ. ದಿನಾ ಮಧ್ಯಾಹ್ನ ಮನೆಯೆದುರಿನ ಹೊಂಗೆಮರದ ಕೆಳಗೆ ಹೋಗಿ ನಿಲ್ಲುತ್ತಾನೆ, ಅಷ್ಟೆ.

"ನಾನಾಗಿ ಹೋಗಾಕಿಲ್ಲ. ಅವ್ಳು ಒಂದು ಕಿತ ಕರೆದ್ರೆ ಹೋಗ್ತೀನಿ. ಆಮ್ಯಾಕೆ ಊರು ಏನಾರ ಅಂದ್ಕೊಳ್ಳಿ."

ಜೊತೆಗೆ ಬಂದಿದ್ದ ಗೆಳೆಯ ಮುನಿಕೃಷ್ಣಪ್ಪನಿಗೆ ಈ ಮಾತು ಬಹಳ ಹಿಡಿಸಿತು. ಮುನಿಯಾಗಲಿ ಕೃಷ್ಣನಾಗಲಿ ಅವನಲ್ಲಿ ಯಾರಿದ್ದರೋ, ಮೌನ ಮಾತ್ರ ಇರಲಿಲ್ಲ. ಅಮಲ್ದಾರರ ಕೆಮ್ಮು, ಬಸ್ ಏಜೆಂಟನ ಕೂಗು, ಸಂಸ್ಕೃತ ಮೇಷ್ಟರ ಆಕಳಿಕೆ, ಏನನ್ನೇ ಆಗಲಿ ಒಂದು ಸಲ ಕೇಳಿದರೆ ಸಾಕು, ಅಚ್ಚು ಹೊಡೆದಂತೆ ತಿರುಗಿಸಿ ಕೊಡುತ್ತಿದ್ದ.

ಮೂವರೂ ಪೆದ್ದಪ್ಪನ ಮನೆಯ ಕಡೆ ಹೊರಟರು. ಪೆದ್ದಪ್ಪ ತನ್ನ ಹೊಂಗೆಮರದ ಕೆಳಗೆ ನಿಂತ. ಉಳಿದಿಬ್ಬರು ಬಾಗಿಲಿಗೆ ಹೋಗಿ, ಗಂಗರತ್ನಮ್ಮನನ್ನು ಮೆಲ್ಲಗೆ ವಿಚಾರಿಸಿದರು. ಬೋಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಅವಳು ಹೇಳಿದ್ದು ಇಷ್ಟು: "ಪೆದ್ದಪ್ಪನಾ? ಪೆದ್ದಪ್ಪ ರಂಗೂನಿನಾಗೇ ಹೋಗ್ಬಿಟ್ರಲ್ಲ ಸಾಮಿ." ಮರದ ಕಡೆ ಅವಳ ಕಣ್ಣು ಹರಿಯಲೇ ಇಲ್ಲ. ಕುಡಿಯಲು ನೀರು ತರುತ್ತೇನೆಂದು ಬಿಂದಿಗೆ ಹಿಡಿದು ಹಿತ್ತಿಲ ಬಾವಿಗೆ ಹೋದಳು.

ಮುನಿಕೃಷ್ಣಪ್ಪ ಗೆಳೆಯನಿಗೆ ಕಣ್ಣು ಹೊಡೆದ. ಒಂದು ಸಲ ಇವನು ಒಳಗೆ ಕಾಲಿಟ್ಟು, ಸೂರು ಕುಸಿಯದೆ ನಿಂತರೆ ಎಲ್ಲರ ಭಯವೂ ಬಿಡುತ್ತದೆ, ನಿನ್ನ ಪಟ್ಟಿಯಲ್ಲೂ ಒಬ್ಬ ಕಡಿಮೆಯಾಗುತ್ತಾನೆ ಎಂದು ಪಿಸುಗುಟ್ಟಿ ಒಳಗಿನ ಕತ್ತಲೆಗೆ ನುಗ್ಗಿದ. ಕೋದಂಡರಾಮಪ್ಪ ಬೇಡ ಎನ್ನುವಷ್ಟರಲ್ಲಿ ಬಾಗಿಲ ಹಿಂದಿನಿಂದ ದನಿ ಬಂತು.

"ಪೆದ್ದಪ್ಪಾ... ಒಳಕ್ ಬಾ."

ಹಿತ್ತಿಲಲ್ಲಿ ರಾಟೆ ಕಿರುಗುಟ್ಟುತ್ತಿತ್ತು. ಆದರೂ ಗಂಗರತ್ನಮ್ಮ ಇಲ್ಲೇ, ಒಳಗೇ ನಿಂತಂತಿತ್ತು.

ಪೆದ್ದಪ್ಪ ಮರದ ನೆರಳಿನಿಂದ ಹೊರಬಂದ. ಅಂಗಳ ದಾಟಿ ಹೊಸ್ತಿಲಿನ ಮೇಲಿಡಲು ಬಲಗಾಲು ಎತ್ತಿದ. ಎತ್ತಿದ ಕಾಲು ಹಾಗೇ ನಿಂತಿತು. ಆಮೇಲೆ ಅದನ್ನು ಮೆಲ್ಲಗೆ ಹಿಂದಕ್ಕೆ, ಮಣ್ಣಿನ ಮೇಲೆ ಇಟ್ಟುಕೊಂಡ.

ಮುನಿಕೃಷ್ಣಪ್ಪ ಹೊಟ್ಟೆ ಹಿಡಿದು ನಗುತ್ತ ಹೊರಬಂದು, ನಾನೇ ಕಣಯ್ಯ, ಸುಮ್ಮನೆ ತಮಾಷೆಗೆ ಅಂದ. ಪೆದ್ದಪ್ಪನೂ ನಕ್ಕ.

"ಹದಿನೆಂಟು ವರ್ಷ ಸಂಸಾರ ಮಾಡಿದ್ಲು ಸಾಮಿ. ಒಂದು ದಿನ ನನ್ನ ಹೆಸರು ಬಾಯಾಗೆ ಬರ್ಲಿಲ್ಲ. ಗಂಡನ ಹೆಸರು ಹಿಡಿದ್ರೆ ಅವನ ಆಯಸ್ಸು ಕಮ್ಮಿಯಂತೆ. ಗಂಡ ಹೋದ ಮ್ಯಾಕೆ ಹೇಳ್ಬೋದು."

"ಅಯ್ಯೋ, ಕರೆದೋನು ನಾನು ಕಣಯ್ಯ, ಅವಳಲ್ಲ."

"ದನಿ ನಿಮ್ದೇ. ಆದ್ರೆ 'ಪೆದ್ದಪ್ಪ' ಅನ್ನೋವಾಗ ಅವ್ಳು ಮೂಗಿನಾಗೆ ಹೆಂಗೆ ಎಳೀತಾಳೆ ಅನ್ನೋದು ನಂಗೇ ಗೊತ್ತಿರ್ಲಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ಮುನಿಕೃಷ್ಣಪ್ಪನ ನಗು ಬಾಯಲ್ಲೇ ಆರಿತು. ಈಗಷ್ಟೇ ಬಾಗಿಲಲ್ಲಿ ಅವಳು ತಮ್ಮೆದುರು ಆ ಹೆಸರು ಹೇಳಿದ್ದು ಕೋದಂಡರಾಮಪ್ಪನಿಗೆ ನೆನಪಾಯಿತು.

ಗಂಗರತ್ನಮ್ಮ ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಮನೆಯ ಮಗ್ಗುಲಿನಿಂದ ಬಂದಳು. ಪೆದ್ದಪ್ಪ ಅವಳ ದಾರಿಯಂಚಿಗೇ ನಿಂತಿದ್ದ. ಅವಳು ತುಸುವೂ ಓರೆಯಾಗದೆ, ಮರವನ್ನೋ ಕಂಬವನ್ನೋ ಬಳಸಿದಂತೆಯೂ ಅಲ್ಲದೆ, ಅಲ್ಲಿ ಏನೂ ಇಲ್ಲವೆಂಬಂತೆ ಅವನ ಪಕ್ಕಕ್ಕೇ ಹಾದು ಬಂದಳು. ಅವಳ ಸೆರಗಿನ ಗಾಳಿಗೆ ಅವನ ಗಡ್ಡ ಅಲುಗಿತು.

"ಇಬ್ರೇ ಯಾಕೆ ಬಿಸಿಲಾಗೆ ನಿಂತ್ರಿ ಸಾಮಿ?" ಎಂದು ಕೇಳಿದಳು.

ಆಗ ಪೆದ್ದಪ್ಪ ನಕ್ಕದ್ದು ಮಂಡಿಯವರೆಗೂ ಕೇಳಿಸಿತಂತೆ. ಅವಳು ಮಾತ್ರ ಎರಡು ಲೋಟ ತೊಳೆದು, ಎರಡಕ್ಕೂ ನೀರು ತುಂಬಿದಳು.