ಮೇಷ್ಟ್ರು ನುಂಗದ ಗುಳಿಗೆ

ಮೇಷ್ಟ್ರು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡರು, ಒಂದು ಲೋಟ ನೀರನ್ನು ಗಟಗಟ ಕುಡಿದರು, ಲೋಟ ಕೆಳಗಿಟ್ಟು ಗಂಭೀರವಾಗಿ ಮೀಸೆ ಒರೆಸಿಕೊಂಡರು. ನೀರು ಹೋಯಿತು, ಗುಳಿಗೆ ಹೋಗಲಿಲ್ಲ. ಅದು ಅವರ ಎಡಗೆನ್ನೆಯಲ್ಲಿ ಅಡಗಿ ಕೂತದ್ದು, ಆರೋಗ್ಯ ಕೇಂದ್ರದಿಂದ ಬಂದು ಎದುರಿಗೇ ಕೂತಿದ್ದ ಗುಳಿಗೆಯಮ್ಮನಿಗೆ ಚೆನ್ನಾಗಿ ಕಂಡಿತು.

"ಬಾಯಿ ತೆಗೀರಿ ಮೇಷ್ಟ್ರೇ."

"ತೆಗೆಯಲ್ಲ," ಅಂದರು ಮೇಷ್ಟ್ರು, ಹಲ್ಲು ಕಚ್ಚಿಕೊಂಡೇ. "ಮೂರನೇ ಕ್ಲಾಸಲ್ಲಿ ನನ್ನ ಹತ್ತಿರ ಮಗ್ಗಿ ಕಲಿತವಳು ನೀನು. ಈಗ ನನಗೇ ಪರೀಕ್ಷೆ ಮಾಡ್ತೀಯಾ?"

ಆನೆಕಾಲು ರೋಗ ಬಾರದ ಹಾಗೆ ವರ್ಷಕ್ಕೊಮ್ಮೆ ಊರಿನವರೆಲ್ಲ ನುಂಗಬೇಕಾದ ಗುಳಿಗೆ ಅದು. ನುಂಗುವುದೂ ಅವಳ ಕಣ್ಣೆದುರೇ ಆಗಬೇಕು. ಮಿಕ್ಕ ಬೀದಿಗಳವರು ತಕರಾರಿಲ್ಲದೆ ನುಂಗಿದ್ದರು. ಈ ಬೀದಿಯವರು ಮಾತ್ರ ಮೂರು ವರ್ಷದಿಂದ ಅವಳ ಮುಖ ಕಂಡರೆ ಬಾಗಿಲು ಹಾಕುತ್ತಿದ್ದರು. "ರೋಗ ಇಲ್ಲದವನಿಗೆ ಮದ್ದೇ ವಿಷ" ಎಂದು ಮೇಷ್ಟ್ರು ಹೇಳಿದ್ದರಲ್ಲ. ಕೆಲಸದಿಂದ ನಿವೃತ್ತರಾಗಿದ್ದರೂ ಆ ಬೀದಿಯಲ್ಲಿ ಅವರ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ. ಹೋದ ತಿಂಗಳು ಇದೇ ಬೀದಿಯ ದರ್ಜಿಯ ಮಗಳ ಬಲಗಾಲು ಚಪ್ಪಲಿಗೆ ಹಿಡಿಸದಷ್ಟು ಊದಿಕೊಂಡಿತು. ಅವತ್ತಿನಿಂದ ಗುಳಿಗೆಯಮ್ಮನಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿರಲಿಲ್ಲ. ಮೊದಲು ಮೇಷ್ಟ್ರು ನುಂಗಿದರೆ ಬೀದಿ ತಾನಾಗಿ ನುಂಗುತ್ತದೆಂದು ಲೆಕ್ಕ ಹಾಕಿ, ಬೆಳಿಗ್ಗೆ ಎಂಟಕ್ಕೇ ಬಂದು ಅವರ ಮನೆಯಲ್ಲಿ ಠಿಕಾಣಿ ಹೂಡಿದ್ದಳು. ಮೇಷ್ಟ್ರು ಬಡಪೆಟ್ಟಿಗೆ ಬಗ್ಗುವವರಲ್ಲ, ಅವಳು ಏಳುವವಳಲ್ಲ. ಸುದ್ದಿ ಹಬ್ಬಿ ಅರ್ಧ ಬೀದಿ ಕಿಟಕಿಗೆ ಜೋತುಬಿದ್ದಿತ್ತು.

"ಮೇಷ್ಟ್ರೇ, ಯಾಕಿಷ್ಟು ಹಟ? ನುಂಗಲ್ಲ ಅಂದ್ರೆ ನುಂಗಲ್ಲ ಅನ್ನಿ, ಎದ್ದು ಹೋಗ್ತೀನಿ."

ಬಾಗಿಲಿಗೆ ಒರಗಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದರು: "ನುಂಗಲ್ಲ ಅಂತಲ್ಲ ಕಣಮ್ಮ. ಇವರಿಗೆ ನುಂಗೋಕೆ ಬರಲ್ಲ."

"ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು. ಜ್ವರದ ಗುಳಿಗೆಯಾಗಲಿ ತಲೆನೋವಿನದ್ದಾಗಲಿ, ಪುಡಿ ಮಾಡಿ ಜೇನಲ್ಲಿ ಕಲಸಿ ನಾಲಿಗೆಗೆ ಸವರ್ತೀನಿ. ಕೂಸಿಗೆ ಸವರಿದ ಹಾಗೆ."

"ನಿನ್ನ ಬಾಯಿಗೆ ಬೀಗ ಇಲ್ಲವೇನೇ?" ಎಂದು ಮೇಷ್ಟ್ರು ಗುಡುಗಿದರು. ಗುಡುಗಿದ ರಭಸಕ್ಕೆ ಗುಳಿಗೆ ಹೊರಗೆ ಹಾರಿ ಬಂದು ನೆಲದ ಮೇಲೆ ಉರುಳಿತು.

ಗುಳಿಗೆಯಮ್ಮ ನಗಲಿಲ್ಲ. ನಗು ಗಂಟಲವರೆಗೆ ಬಂದದ್ದು ನಿಜ, ಅದನ್ನು ಅವಳು ನುಂಗಿಕೊಂಡಳು. ಎದ್ದು ಹೋಗಿ, "ಮೇಷ್ಟ್ರಿಗೆ ತಪಾಸಣೆ ಇದೆ, ಹತ್ತು ನಿಮಿಷ" ಎಂದು ಕಿಟಕಿ ಮುಚ್ಚಿದಳು. ತಿರುಗಿದರೆ ಮೇಷ್ಟ್ರು ಕುರ್ಚಿಯಲ್ಲಿ ಕುಗ್ಗಿ ಕೂತಿದ್ದರು.

"ಬರಲ್ಲ ಅನ್ನೋಕೆ ನಾಚಿಕೆ ಆಯ್ತು. ಬೇಡ ಅಂದುಬಿಟ್ಟೆ," ಅಂದರು. ತಲೆ ಎತ್ತದೆಯೇ ಕೇಳಿದರು: "ದರ್ಜಿ ಮಗಳ ಕಾಲು... ಅದು ನನ್ನಿಂದಲಾ?"

"ಆ ರೋಗ ಯಾವಾಗ ಅಂಟಿತೋ ಯಾರಿಗೆ ಗೊತ್ತು ಮೇಷ್ಟ್ರೇ. ಇನ್ನೊಬ್ಬರಿಗೆ ಅಂಟದ ಹಾಗೆ ನೋಡೋಣ. ಅಮ್ಮಾ, ನಾಲ್ಕು ಅಗುಳು ಅನ್ನ ತನ್ನಿ."

ಪಾಠ ಶುರುವಾಯಿತು. "ಎಲ್ಲರೂ ತಲೆ ಮೇಲೆತ್ತಿ ನುಂಗೋಕೆ ಹೋಗ್ತಾರೆ. ನೀವು ಹಾಗೆ ಮಾಡಬೇಡಿ. ಗದ್ದ ಎದೆ ಕಡೆಗೆ ತನ್ನಿ, ಆಮೇಲೆ ನೀರಿನ ಜೊತೆ ಬಿಟ್ಟುಬಿಡಿ." ಮೊದಲ ಅಗುಳು ಕೆಮ್ಮಿನ ಜೊತೆ ಆಚೆ ಬಂತು. ಎರಡನೆಯದು ಮೀಸೆಯಲ್ಲಿ ಸಿಕ್ಕಿಕೊಂಡಿತು. ಮೂರನೆಯದು ಎಲ್ಲಿ ಹೋಯಿತೆಂದು ಮೇಷ್ಟ್ರೇ ನಾಲಿಗೆಯಿಂದ ಹುಡುಕಿ, ಸಿಗದೆ, ಕಣ್ಣರಳಿಸಿದರು. ನಾಲ್ಕನೆಯದೂ ಸಿಗಲಿಲ್ಲ. ಅನ್ನ ಮುಗಿದ ಮೇಲೆ ಹೊಸದೊಂದು ಗುಳಿಗೆಯ ಸರದಿ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು.

"ಹೋಯ್ತು," ಅಂದರು ಮೇಷ್ಟ್ರು ಮೆಲ್ಲಗೆ. ಯಾರೂ ಕೇಳದಿದ್ದರೂ ಬಾಯಿ ಅಗಲವಾಗಿ ತೆರೆದು ತೋರಿಸಿದರು.

ಆಮೇಲೆ ಅವರೇ ಎದ್ದು ಬಾಗಿಲು ತೆಗೆದರು. "ಏನು ಬಾಯಿ ಬಿಟ್ಕೊಂಡು ನಿಂತಿದ್ದೀರಿ? ಬಾಯಿ ಬಿಡೋದಿದ್ರೆ ಸಾಲಾಗಿ ನಿಂತು ಬಿಡಿ."

"ರೋಗ ಇಲ್ಲದವನಿಗೆ ಮದ್ದೇ ವಿಷ ಅಂದಿದ್ರಲ್ಲ ಮೇಷ್ಟ್ರೇ," ಎಂದ ಹಾಲಿನವನು.

"ಅಂದಿದ್ದೆ. ತಪ್ಪು ಅಂದಿದ್ದೆ. ಮುಂದೆ ಬಾ."

ಸಾಲು ಮುಂದೆ ಸರಿಯಿತು. ಬರಿಹೊಟ್ಟೆಯಲ್ಲಿ ನುಂಗುವ ಹಾಗಿರಲಿಲ್ಲ. "ತಿಂಡಿ ಆಯ್ತಾ?" ಎಂದು ಕೇಳಿ ಕೇಳಿ ಗುಳಿಗೆ ಕೊಟ್ಟು ಗುಳಿಗೆಯಮ್ಮನ ಬಾಯಿ ಒಣಗಿತು. ಕೊನೆಗೆ ಬಂದವನು ಮೂಟೆ ಹೊರುವ ಹಮಾಲಿ, ಬಾಗಿಲು ತುಂಬುವ ಆಳು. ಅವನೂ ಗುಳಿಗೆ ಹಾಕಿಕೊಂಡ, ನೀರು ಕುಡಿದ, ಲೋಟ ಕೆಳಗಿಟ್ಟ. ಅವಳು ಪುಸ್ತಕದಲ್ಲಿ ಗುರುತು ಹಾಕುವುದರಲ್ಲಿದ್ದಳು. ಅವನ ಕಣ್ಣಲ್ಲಿ ನೀರಾಡಿದ್ದನ್ನು ಕಂಡವರು ಮೇಷ್ಟ್ರೊಬ್ಬರೇ. ಅವರು ಸರಸರನೆ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟರು.

"ಇನ್ನೊಂದು ಗುಟುಕು ತಗೋ. ಗದ್ದ ಕೆಳಗೆ ಮಾಡು. ಹೆದರಬೇಡ, ನಾನಿದ್ದೀನಲ್ಲ."

ಗುಳಿಗೆ ಇಳಿಯಿತು. ಹಮಾಲಿ ಕಣ್ಣೊರೆಸಿಕೊಂಡು ಹೋದ. ಮೇಷ್ಟ್ರು ಗುಳಿಗೆಯಮ್ಮನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು.

"ನೀವು ಆರೋಗ್ಯ ಕೇಂದ್ರದವರು ವರ್ಷ ವರ್ಷ ಬಂದು ನುಂಗಿ ನುಂಗಿ ಅಂತೀರಿ. ನುಂಗೋದು ಹೇಗೆ ಅಂತ ಒಬ್ಬರಿಗಾದರೂ ಹೇಳಿಕೊಟ್ಟಿದ್ದೀರಾ?"